ಆರನೇ ರಿಂಗ್ ರೋಡಿನಲ್ಲಿ ಬಿದ್ದ ನಟ್ಟು

ನಟ್ಟು ಸೀಮೆಸುಣ್ಣದ ವೃತ್ತದೊಳಗೇ ಬಿತ್ತು. ನಡುವಿನ ಚುಕ್ಕೆಗಿಂತ ಒಂದು ಬೆರಳಿನಷ್ಟು ಎಡಕ್ಕೆ. ಹಿಂದಕ್ಕಲ್ಲ, ಮುಂದಕ್ಕಲ್ಲ, ಎಡಕ್ಕೆ. ಬಿಡುವಾಗ ಹುಡುಗಿಯ ಕೈ ಸ್ವಲ್ಪ ಅಲುಗಿತ್ತು, ಅಷ್ಟೆ. ಓಡುತ್ತಿದ್ದ ವ್ಯಾನಿನ ವೇಗದ ಮುಳ್ಳು ಎಂಬತ್ತರ ಮೇಲೆ ನಿಂತಿತ್ತು.

"ಮಿಸ್, ಹಿಂದೆ ಹೋಗ್ಲೇ ಇಲ್ಲ!" ಎಂದಳು.

"ಇನ್ನೊಮ್ಮೆ ಬಿಡು," ಎಂದೆ.

ಇನ್ನೊಮ್ಮೆ ಬಿಟ್ಟಳು. ಟಕ್ ಎಂದು ರಬ್ಬರ್ ಹಾಸಿನ ಮೇಲೆ ಅದೇ ವೃತ್ತದೊಳಗೆ ಬಿತ್ತು. ಒಟ್ಟು ಒಂಬತ್ತು ಸಲ ಬಿಟ್ಟೆವು. ಎಂಟು ಸಲ ಒಳಗೆ. ಒಂದು ಸಲ ಮಾತ್ರ ಮುಂದಿನ ಸೀಟಿನ ಕೆಳಕ್ಕೆ ಉರುಳಿತು. ಆಗ ಚಾಲಕರು ಒಂದು ಟ್ಯಾಂಕರಿಗಾಗಿ ಬ್ರೇಕ್ ಒತ್ತಿದ್ದರು. ಅದನ್ನು ಅವಳು ತಾನಾಗಿಯೇ ಪಟ್ಟಿಯಿಂದ ಬಿಟ್ಟಳು. "ದಟ್ ಒನ್ ಡಸಂಟ್ ಕೌಂಟ್, ಸ್ಪೀಡ್ ಚೇಂಜ್ ಆಯ್ತು," ಎಂದಳು. ನನ್ನ ಕಾಲೇಜಿನಲ್ಲಿ ಎಂ.ಎಸ್ಸಿ. ಓದುತ್ತಿದ್ದವರಲ್ಲಿ ಕೆಲವರಿಗೆ ಬಾರದಿದ್ದ ವಿವೇಕ ಅದು.

ಆಗ ಬೇಸಿಗೆ ರಜೆಗೆ ಮೂರು ವಾರ ಉಳಿದಿತ್ತು. ನಾವು ಕುವೈತಿನ ಜಹ್ರಾದಲ್ಲಿದ್ದೆವು. ನನ್ನ ಗಂಡ ಅಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಹನ್ನೊಂದನೆಯ ತರಗತಿಯ ಆ ಹುಡುಗಿಯ ತಂದೆ ನಮ್ಮ ರಸ್ತೆಯ ಕೊನೆಯ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಜಹ್ರಾದಲ್ಲಿ ಭಾರತೀಯ ಮಕ್ಕಳಿಗೆ ಶಾಲೆ ಇರಲಿಲ್ಲ. ಬೆಳಿಗ್ಗೆ ಐದೂ ಮುಕ್ಕಾಲಿಗೆ ಹನ್ನೆರಡು ಸೀಟಿನ ವ್ಯಾನು ಹೊರಟು, ಆರನೇ ರಿಂಗ್ ರೋಡನ್ನು ಉದ್ದಕ್ಕೂ ದಾಟಿ, ಸಲ್ವಾದಲ್ಲಿ ಇಬ್ಬರು ಮಕ್ಕಳನ್ನು ಹತ್ತಿಸಿಕೊಂಡು ಶಾಲೆ ಮುಟ್ಟುವಾಗ ಏಳಕ್ಕೆ ಹತ್ತು ನಿಮಿಷ ಇರುತ್ತಿತ್ತು. ನಾನು ಅದೇ ಶಾಲೆಯ ಭೌತಶಾಸ್ತ್ರ ಪ್ರಯೋಗಾಲಯದ ತಾತ್ಕಾಲಿಕ ಸಹಾಯಕಿ. ನನ್ನ ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ನಾನು ಗಂಡನನ್ನು ಅವಲಂಬಿಸಿದ ಹೆಂಡತಿ, ಬೇರೇನೂ ಅಲ್ಲ. ಪಾಠ ಮಾಡುವ ಅಧಿಕಾರ ನನಗಿರಲಿಲ್ಲ. ಲೋಲಕಗಳ ದಾರ ಬದಲಿಸುವುದು, ಮಸೂರಗಳನ್ನು ಒರೆಸುವುದು, ಮಕ್ಕಳ ಪ್ರಯೋಗ ಪುಸ್ತಕ ತಿದ್ದುವುದು ನನ್ನ ಕೆಲಸ.

ನಟ್ಟು ಚಾಲಕರದ್ದು. ಅವರು ಉಳ್ಳಾಲದ ಕಡೆಯ ಬ್ಯಾರಿಗಳು, ಇಪ್ಪತ್ತೆರಡು ವರ್ಷದಿಂದ ಕುವೈತಿನಲ್ಲಿ ಗಾಡಿ ಓಡಿಸುತ್ತಿದ್ದರು. ರಾಯ್‌ನ ಗ್ಯಾರೇಜು ಬೀದಿಗಳಿಂದ ತಂದ ನಟ್ಟು ಬೋಲ್ಟುಗಳ ಒಂದು ಹಾಲಿನ ಪುಡಿ ಡಬ್ಬ ಯಾವಾಗಲೂ ಅವರ ಸೀಟಿನ ಪಕ್ಕ ಇರುತ್ತಿತ್ತು.

"ಟೀಚರೇ, ಇದು ಹಿಂದೆ ಬೀಳ್ಬೇಕು ಅಂತ ಯಾರು ಹೇಳಿದ್ದು?" ಎಂದು ಕನ್ನಡಿಯಲ್ಲಿ ನೋಡುತ್ತಾ ಕೇಳಿದರು.

"ನೋಟ್ಸ್‌ನಲ್ಲಿ ಉಂಟು ಅಂಕಲ್," ಎಂದಳು ಹುಡುಗಿ. ಪುಸ್ತಕ ತೆಗೆದು ಓದಿದಳು. ಏಕರೂಪ ವೇಗದಲ್ಲಿ ನೇರ ರಸ್ತೆಯಲ್ಲಿ ಹೋಗುತ್ತಿರುವ ಬಸ್ಸಿನೊಳಗೆ ಪ್ರಯಾಣಿಕನೊಬ್ಬ ಚೆಂಡನ್ನು ನೇರ ಮೇಲಕ್ಕೆ ಎಸೆದರೆ ಅದು ಎಲ್ಲಿ ಬೀಳುತ್ತದೆ? ಉತ್ತರ: ಅವನ ಹಿಂದೆ, ಏಕೆಂದರೆ ಚೆಂಡು ಗಾಳಿಯಲ್ಲಿರುವಾಗ ಬಸ್ಸು ಮುಂದೆ ಹೋಗಿರುತ್ತದೆ.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಸೀಟಿನ ಕಂಬಿಯಿಂದ ನೆಲಕ್ಕೆ ಸುಮಾರು ಒಂದು ಮೀಟರ್. ಬೀಳಲು ಅರ್ಧ ಸೆಕೆಂಡಿಗಿಂತ ತುಸು ಕಡಿಮೆ. ಅಷ್ಟರಲ್ಲಿ ವ್ಯಾನು ಹತ್ತು ಮೀಟರ್ ಮುಂದೆ ಹೋಗಿರುತ್ತದೆ. ನೋಟ್ಸ್ ಸರಿಯಿದ್ದರೆ ನಟ್ಟು ನಮ್ಮಿಂದ ಹತ್ತು ಮೀಟರ್ ಹಿಂದೆ ಬೀಳಬೇಕು ಎಂದೆ.

"ಹತ್ತು ಮೀಟರಾ! ಹಾಗಾದ್ರೆ ಹಿಂದಿನ ಟ್ರೈಲರಿನ ಗ್ಲಾಸು ಖಲಾಸ್," ಎಂದು ಚಾಲಕರು ನಕ್ಕರು. ಪಕ್ಕದಲ್ಲಿದ್ದ ಕಾಗದದ ಲೋಟ ತೋರಿಸಿದರು. "ನನ್ನ ಚಾಯ ನೋಡಿ. ಸ್ಪೀಡ್ ಒಂದೇ ಇದ್ರೆ ಸುಮ್ಮನೆ ಕೂತಿರ್ತದೆ, ಮನೆಯಲ್ಲಿ ಕೂತ ಹಾಗೆ. ಬ್ರೇಕ್ ಹಾಕಿದ್ರೆ, ತಿರುಗಿಸಿದ್ರೆ ಮಾತ್ರ ಅದಕ್ಕೆ ಸಿಟ್ಟು ಬರುದು." ನಿಜಕ್ಕೂ ಅವರು ರೌಂಡ್‌ಅಬೌಟ್ ಬಂದಾಗ ಮಾತ್ರ ಲೋಟದ ಬಾಯಿಗೆ ಅಂಗೈ ಮುಚ್ಚುತ್ತಿದ್ದರು.

ಆ ಮೂರು ವಾರ ನಮ್ಮ ವ್ಯಾನಿನಲ್ಲಿ ಇದೇ ಮಾತು. ಪಕ್ಕದ ಲೇನಿನಲ್ಲಿ ಒಂದು ಕಾರು ನಮ್ಮಷ್ಟೇ ವೇಗದಲ್ಲಿ ಬಂದಾಗ ಅದರ ಹಿಂದಿನ ಸೀಟಿನ ಮಗು ಚಿಪ್ಸ್ ತಿನ್ನುತ್ತಾ ನಮ್ಮೆದುರು ಕದಲದೆ ಕೂತಿರುತ್ತಿತ್ತು. ಅದೂ ನಿಂತಿದೆ, ನಾವೂ ನಿಂತಿದ್ದೇವೆ, ಹಿಂದಿನ ಮರಳುಗಾಡು ಓಡುತ್ತಿದೆ. "ನೋಡು, ಈಗ ಯಾರು ನಿಂತದ್ದು, ಯಾರು ಓಡುವುದು?" ಎಂದು ಕೇಳುತ್ತಿದ್ದೆ. ಬಿಸಿಲಿಗೆಂದು ಹಾಕಿದ್ದ ಪರದೆಗಳನ್ನು ಎಳೆದು, ರಸ್ತೆ ನಯವಾಗಿದ್ದು, ವೇಗ ಬದಲಾಗದೆ ಇದ್ದರೆ ವ್ಯಾನಿನೊಳಗೆ ಮಾಡುವ ಯಾವ ಪ್ರಯೋಗವೂ ನಾವು ಚಲಿಸುತ್ತಿದ್ದೇವೋ ಇಲ್ಲವೋ ಎಂದು ಹೇಳಲಾರದು ಎಂದು ವಿವರಿಸಿದೆ. ಲೋಲಕವೂ ಹೇಳದು, ನಟ್ಟೂ ಹೇಳದು. ಆಮೇಲೆ, ಅವಳ ಪಠ್ಯದಲ್ಲಿ ಇಲ್ಲದಿದ್ದರೂ, ಬೆಳಕಿನ ಮಾತು ತೆಗೆದೆ. ವ್ಯಾನಿನೊಳಗೆ ಟಾರ್ಚು ಹಾಕಿದರೆ ಆ ಬೆಳಕಿನ ವೇಗ ನಮಗೆ ಎಷ್ಟೋ ರಸ್ತೆಬದಿ ನಿಂತವನಿಗೂ ಅಷ್ಟೇ. ವ್ಯಾನಿನ ಎಂಬತ್ತು ಅದಕ್ಕೆ ಕೂಡುವುದಿಲ್ಲ. ಅದನ್ನು ಒಪ್ಪಿದರೆ ನಮ್ಮ ಗಡಿಯಾರವೂ ಅವನ ಗಡಿಯಾರವೂ ಒಂದೇ ಸಮನೆ ನಡೆಯುತ್ತವೆ ಎಂಬ ನಂಬಿಕೆಯನ್ನು ಬಿಡಬೇಕಾಗುತ್ತದೆ.

"ಇಂಡಿಯಾ ಟೈಮ್, ಕುವೈತ್ ಟೈಮ್ ಇದ್ದ ಹಾಗಾ ಮಿಸ್?"

"ಅಲ್ಲ. ಆ ಎರಡೂವರೆ ಗಂಟೆ ಜನ ಕೂತು ಮಾಡಿಕೊಂಡ ಒಪ್ಪಂದ. ಇದನ್ನು ಯಾರೂ ಮಾಡಿಕೊಂಡದ್ದಲ್ಲ. ಓಡುವ ಗಡಿಯಾರ ನಿಜವಾಗಿ ನಿಧಾನ."

ಚಾಲಕರಿಗೆ ಇದು ಬಹಳ ಹಿಡಿಸಿತು. "ಹಾಗಾದ್ರೆ ಟೀಚರೇ, ಇಪ್ಪತ್ತೆರಡು ವರ್ಷ ಓಡಿದ್ದೇನಲ್ಲ, ನನಗೆ ಎಷ್ಟು ವಯಸ್ಸು ಕಮ್ಮಿ ಆಯ್ತು?"

ಮರುದಿನ ಲೆಕ್ಕ ಮಾಡಿ ತಂದೆ. ದಿನಕ್ಕೆ ಎಂಟು ಗಂಟೆ ಎಂಬತ್ತರಲ್ಲಿ ಓಡಿದ್ದಾರೆಂದು ಹಿಡಿದರೂ ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೂ ಪೂರ್ತಿ ಆಗುವುದಿಲ್ಲ.

"ಅಲ್‌ಹಂದುಲಿಲ್ಲಾ. ಅಷ್ಟಾದರೂ ಸಿಕ್ಕಿತಲ್ಲ. ನಮ್ಮ ಧಣಿ ಕಫೀಲ್ ಅಷ್ಟೂ ಕೊಟ್ಟಿಲ್ಲ," ಎಂದರು.

ನಾನು ಮಾಡಬೇಕಾಗಿದ್ದ ಒಂದು ಕೆಲಸವನ್ನು ಆ ವಾರಗಳಲ್ಲಿ ಮಾಡಲಿಲ್ಲ. ನೋಟ್ಸ್ ತಪ್ಪು ಎಂದು ವಿಭಾಗದ ಮುಖ್ಯಸ್ಥೆಗೆ ಹೇಳಲಿಲ್ಲ. ಅವರು ನಮ್ಮೂರಿನ ಕಡೆಯವರೇ, ನನಗಿಂತ ಇಪ್ಪತ್ತೈದು ವರ್ಷ ಹಿರಿಯರು. ಒಂದು ಸಂಘದ ಊಟದಲ್ಲಿ ನನ್ನ ಪರಿಚಯ ಮಾಡಿಕೊಂಡು, "ಎಂ.ಎಸ್ಸಿ. ಓದಿ ಮನೇಲಿ ಕೂತು ಎಂತ ಮಾಡ್ತೀ ಮಾರಾಯ್ತಿ, ಬಾ," ಎಂದು ಕೆಲಸ ಕೊಡಿಸಿದವರು. ಅವರ ನೋಟ್ಸ್ ಎಂದರೆ ಶಾಲೆಯಲ್ಲಿ ಗೌರವ. ವೀಸಾ ಮುಗಿದು ಹೋಗುವ ಪ್ರತಿ ಶಿಕ್ಷಕಿಯೂ ಆ ಫೈಲನ್ನು ಮುಂದಿನವಳ ಕೈಗೆ ಕೊಟ್ಟೇ ಹೋಗುತ್ತಿದ್ದಳು. ಹುಡುಗಿಗೆ ಮಾತ್ರ, "ನೀನು ಕಂಡದ್ದನ್ನು ಬರಿ," ಎಂದಿದ್ದೆ. ಮುಖ್ಯಸ್ಥೆಗೆ ಸರಿಯಾದ ಸಮಯ ನೋಡಿ ಹೇಳುವ ಎಂದುಕೊಂಡೆ. ಮಾತಾಡಲು ಇಷ್ಟವಿಲ್ಲದವರಿಗೆ ಸರಿಯಾದ ಸಮಯ ಯಾವತ್ತೂ ಬರುವುದಿಲ್ಲ.

ರಜೆ ಮುಗಿದು ಸೆಪ್ಟೆಂಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆ ನಡೆಯಿತು. ನಮ್ಮ ಶಾಲೆಯಲ್ಲಿ ಹನ್ನೊಂದನೆಯ ತರಗತಿಗೆ ಈ ಪರೀಕ್ಷೆ ತೀರ್ಪಿನಂತೆ. ಭೌತಶಾಸ್ತ್ರದಲ್ಲಿ ನೂರಕ್ಕೆ ನಲವತ್ತು ಬಾರದವರನ್ನು ವಿಜ್ಞಾನದಿಂದ ತೆಗೆದು ವಾಣಿಜ್ಯಕ್ಕೆ ಹಾಕಿ, ಆಮೇಲೆ ಹೆಸರುಗಳ ಪಟ್ಟಿಯನ್ನು ಭಾರತದ ಪರೀಕ್ಷಾ ಬೋರ್ಡಿಗೆ ಕಳುಹಿಸುತ್ತಿದ್ದರು. ಪಟ್ಟಿ ಹೋದ ಮೇಲೆ ಬದಲಾವಣೆ ಇಲ್ಲ.

ಉತ್ತರ ಪತ್ರಿಕೆಗಳನ್ನು ತಿದ್ದಿದವಳು ನಾನು. ದಾಖಲೆಯ ಪ್ರಕಾರ ಅಲ್ಲ. ಮುಖ್ಯಸ್ಥೆ ಎರಡು ಸೆಕ್ಷನ್ನಿನ ಕಟ್ಟುಗಳನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಿದ್ದರು, ಜೊತೆಗೆ ಮಾದರಿ ಉತ್ತರದ ಹಾಳೆ. ನಾನು ತಿದ್ದಿ ಕೂಡಿಸಿ ಕೊಟ್ಟರೆ ಕೆಳಗೆ ಅವರ ಸಹಿ ಬೀಳುತ್ತಿತ್ತು. ವರ್ಷಗಳಿಂದ ಸಹಾಯಕಿಯರು ಹೀಗೇ ಮಾಡುತ್ತಿದ್ದರಂತೆ.

ಹದಿನೇಳನೆಯ ಪ್ರಶ್ನೆ ಅದೇ ಚೆಂಡು, ಅದೇ ಬಸ್ಸು. ಎರಡು ಅಂಕ. ಮಾದರಿ ಉತ್ತರ: ಹಿಂದೆ. 'ಅವನ ಕೈಗೇ ಬೀಳುತ್ತದೆ' ಎಂದಿದ್ದ ಮೊದಲ ಪತ್ರಿಕೆ ಸಿಕ್ಕಿದಾಗ ನನ್ನ ಪೆನ್ನು ನಿಂತಿತು. ಎಷ್ಟು ಹೊತ್ತು ನಿಂತಿತೆಂದು ನನಗೆ ಗೊತ್ತು, ಏಕೆಂದರೆ ಎದುರಿಗೆ ಪ್ರಯೋಗಾಲಯದ ಗಡಿಯಾರವಿತ್ತು: ಅರ್ಧ ನಿಮಿಷ. ಆಮೇಲೆ ನಾನು ತಪ್ಪು ಹಾಕಿದೆ. ಮಾದರಿ ಉತ್ತರ ನನ್ನದಲ್ಲ, ಸಹಿಯೂ ನನ್ನದಲ್ಲ, ನಾನು ಸಹಾಯಕಿ. ಅರ್ಧ ನಿಮಿಷದಲ್ಲಿ ಇಷ್ಟು ಸಮಾಧಾನ ಮಾಡಿಕೊಂಡೆ. ಎರಡನೆಯ ಪತ್ರಿಕೆಗೆ ಪೆನ್ನು ನಿಲ್ಲಲಿಲ್ಲ. ಹೀಗೆ ಹನ್ನೊಂದು ಸರಿಯಾದ ಉತ್ತರಗಳಿಗೆ, ಎಂ.ಎಸ್ಸಿ. ಓದಿದ ನಾನು, ತಪ್ಪು ಹಾಕಿದೆ.

ಪತ್ರಿಕೆಗಳನ್ನು ಮಕ್ಕಳಿಗೆ ಕೊಟ್ಟ ದಿನ ಮಧ್ಯಾಹ್ನ ವ್ಯಾನಿನಲ್ಲಿ ಹುಡುಗಿ ಪಕ್ಕದಲ್ಲಿ ಬಂದು ಕೂತಳು. ಆಮೇಲೆ ಪತ್ರಿಕೆ ತೆಗೆದು ನನ್ನ ಮಡಿಲಲ್ಲಿಟ್ಟಳು. ಮೂವತ್ತೊಂಬತ್ತು.

"ಮಿಸ್, ನಾವು ಒಂಬತ್ತು ಸಲ ಮಾಡಿದ್ದಲ್ವಾ?"

ಹದಿನೇಳನೆಯ ಉತ್ತರ ಎರಡೇ ಸಾಲು. 'ಅವನ ಕೈಗೇ ಬೀಳುತ್ತದೆ. ಚೆಂಡಿಗೂ ಬಸ್ಸಿನ ವೇಗವೇ ಇರುತ್ತದೆ, ನಮ್ಮ ವ್ಯಾನಿನಲ್ಲಿ ಪ್ರಯೋಗ ಮಾಡಿದ್ದೇವೆ.' ಅದರ ಮೇಲೆ ಅಡ್ಡಲಾಗಿ ನನ್ನ ಎರಡು ಕೆಂಪು ಗೀಟು. ಎರಡನೆಯ ಗೀಟು ಮೊದಲನೆಯದಕ್ಕಿಂತ ಗಿಡ್ಡ. ನಾನು ಯಾವಾಗಲೂ ಹಾಗೆಯೇ ಹಾಕುವುದು.

"ಕಾಮರ್ಸ್ ಆದ್ರೆ ಅಬ್ಬ ಊರಿಗೆ ಕಳಿಸ್ತಾರಂತೆ," ಎಂದಳು. "ಕಾಮರ್ಸ್ ಅಲ್ಲೂ ಉಂಟಲ್ಲ, ಅದಕ್ಕೆ ಇಷ್ಟು ದೂರ ವ್ಯಾನ್ ಯಾಕೆ ಅಂತಾರೆ. ಅಜ್ಜಿ ಮನೆ. ಉಮ್ಮ ಇಲ್ಲಿ, ನಾನು ಅಲ್ಲಿ."

ಅಳಲಿಲ್ಲ. ಕಿಟಕಿಯ ಪರದೆ ಸರಿಸಿ ಹೊರಗೆ ನೋಡಿದಳು. ಆ ಗೀಟು ನನ್ನದು ಎಂದು ನಾನು ಹೇಳಲಿಲ್ಲ. ಮೊದಲ ಸಿಟ್ಟು ನನ್ನ ಮೇಲೆಯೇ. ಅದು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಪಟ್ಟಿ ಹೋಗಲು ಎರಡು ದಿನ ಉಳಿದಿತ್ತು. ಮರುದಿನ ಮೊದಲ ಬಿಡುವಿಗೇ ಮುಖ್ಯಸ್ಥೆಯ ಕೋಣೆಗೆ ಹೋದೆ. ಪತ್ರಿಕೆ ತೋರಿಸಿ, ಉತ್ತರ ಸರಿ, ಮಾದರಿ ಉತ್ತರ ತಪ್ಪು, ನಾನು ತಿದ್ದಿದ್ದೂ ತಪ್ಪು ಎಂದೆ.

ಅವರು ಕನ್ನಡಕ ಏರಿಸಿ ಓದಿದರು. "ನೀನು ಈಗ ಬಂದವಳು. ಈ ನೋಟ್ಸ್ ಯಾವಾಗ ಬರೆದದ್ದು ಗೊತ್ತುಂಟಾ? ಯುದ್ಧ ಮುಗಿದು ವಾಪಸ್ ಬಂದಾಗ ಈ ಶಾಲೆಯಲ್ಲಿ ಒಂದು ಬೆಂಚಿರಲಿಲ್ಲ. ಪುಸ್ತಕ ಇಲ್ಲ, ಲ್ಯಾಬಿನ ಬಲ್ಬು ಸಹ ಇರಾಕಿನವರು ಬಿಚ್ಚಿ ತಕ್ಕೊಂಡು ಹೋಗಿದ್ರು. ನನ್ನ ಹಳೆ ನೋಟ್ಸ್ ಎಲ್ಲಾ ಹೋಗಿತ್ತು. ನೆಲದ ಮೇಲೆ ಕೂತು ಪೂರ್ತಿ ನೆನಪಿನಿಂದ ಬರೆದದ್ದು ನಾನು, ಹನ್ನೊಂದು ಹನ್ನೆರಡು ಎರಡೂ ಕ್ಲಾಸಿಗೆ. ನೀನು ಆಗ ಎಷ್ಟನೇ ಕ್ಲಾಸು?"

"ನಾಲ್ಕನೇ."

"ಹಾಂ."

ಆ ಮಾತು ಕೇಳಿ ನನ್ನ ಸಿಟ್ಟು ಒಂದು ಕ್ಷಣ ಇಳಿಯಿತು, ಏಕೆಂದರೆ ತಪ್ಪು ಹೇಗೆ ಹುಟ್ಟಿತೆಂದು ಅರ್ಥವಾಯಿತು. "ಮೇಡಂ, ಹಳೆಯ ಪ್ರಶ್ನೆಯಲ್ಲಿ ಬಸ್ಸು ವೇಗ ಹೆಚ್ಚಿಸಿಕೊಳ್ಳುತ್ತಿತ್ತು ಅಂತ ಇದ್ದಿರಬೇಕು. ಹಾಗಿದ್ದರೆ 'ಹಿಂದೆ' ಸರಿ. ನೆನಪಿನಿಂದ ಬರೆಯುವಾಗ ಆ ಒಂದು ಮಾತು ಬಿಟ್ಟುಹೋಗಿರಬಹುದು. ಯಾರಿಗಾದರೂ ಆಗ್ತದೆ," ಎಂದೆ. ಅವರಿಗೆ ಬಾಗಿಲು ತೆರೆದುಕೊಟ್ಟೆನೆಂದೇ ಭಾವಿಸಿದ್ದೆ.

ಅವರು ಆ ಬಾಗಿಲಿನಿಂದ ಬರಲಿಲ್ಲ. "ಹದಿನೈದು ವರ್ಷದಿಂದ ಬ್ಯಾಚ್ ಮೇಲೆ ಬ್ಯಾಚ್ ಇದನ್ನೇ ಬರೆದು ಪಾಸಾಗಿ ಡಾಕ್ಟರು ಇಂಜಿನಿಯರು ಆಗಿದ್ದಾರೆ. ಒಬ್ಬರಾದ್ರೂ ಕೇಳಿದ್ರಾ? ಬಸ್ಸಲ್ಲಿ ಗಾಳಿ ಇರುದಿಲ್ವಾ?"

"ಗಾಳಿಯೂ ಬಸ್ಸಿನ ಜೊತೆಗೇ ಹೋಗ್ತದೆ ಮೇಡಂ. ಕಿಟಕಿ ಮುಚ್ಚಿದ ಬಸ್ಸು."

"ಸರಿ, ಅವಳಿಗೆ ಎರಡು ಕೊಟ್ರೆ, 'ಹಿಂದೆ' ಅಂತ ಬರೆದವರಿಗೆ ಎರಡು ಕಟ್ ಮಾಡ್ಬೇಕಲ್ಲ. ಅದರಲ್ಲಿ ನಲವತ್ತು, ನಲವತ್ತೊಂದು ಇರುವವರು ಎಷ್ಟು ಜನ?"

"ಐದು." ಅದನ್ನು ಬೆಳಿಗ್ಗೆ ಬಂದ ಕೂಡಲೇ ಕಟ್ಟುಗಳನ್ನು ಬಿಚ್ಚಿ ಎಣಿಸಿದ್ದೆ.

"ನೋಡು! ಒಬ್ಬಳನ್ನು ಎತ್ತಲಿಕ್ಕೆ ಐದು ಮಕ್ಕಳನ್ನು ಕೆಳಗೆ ಹಾಕ್ತೀಯಾ?"

"ಕಟ್ ಮಾಡುವುದು ಬೇಡ. ಅವರು ನಾವು ಹೇಳಿಕೊಟ್ಟದ್ದನ್ನೇ ಬರೆದದ್ದು, ತಪ್ಪು ನಮ್ಮದು. ಸರಿ ಬರೆದ ಹನ್ನೊಂದು ಜನಕ್ಕೆ ಮಾತ್ರ ಕೊಡುವ."

ಅವರು ಪತ್ರಿಕೆ ಮಡಚಿ ನನ್ನ ಕೈಗಿತ್ತರು. "ಇಷ್ಟೆಲ್ಲ ಬೇಡ. ಅವಳಿಗೆ ಒಂದು ಗ್ರೇಸ್ ಮಾರ್ಕ್ ಕೊಡ್ತೇನೆ. ನಲವತ್ತಾಯ್ತು. ಖಲಾಸ್. ನಿನ್ನ ಊರಿನ ಹುಡುಗಿ ಅಂತ ಮಾಡ್ತಿದ್ದೇನೆ."

ಗ್ರೇಸ್ ಅಂಕ ಕೊಟ್ಟರೆ ಅಂಕಪಟ್ಟಿಯಲ್ಲಿ ಸಂಖ್ಯೆಯ ಪಕ್ಕ ಒಂದು ನಕ್ಷತ್ರ ಬೀಳುತ್ತದೆ. ಓದುವವರಿಗೆ ಅದರ ಅರ್ಥ: ಇವಳಿಗೆ ಬರಲಿಲ್ಲ, ನಾವು ದಯೆ ತೋರಿದೆವು. ಉತ್ತರ ಸರಿ ಬರೆದ ತಪ್ಪಿಗೆ ಅವಳು ನಮ್ಮ ದಯೆ ಪಡೆಯಬೇಕಾಗಿತ್ತು.

ಅದೇ ದಿನ ಮಧ್ಯಾಹ್ನ ಮುಖ್ಯಸ್ಥೆ ನಮ್ಮ ವ್ಯಾನಿನ ಬಾಗಿಲಲ್ಲಿ ಕಾಣಿಸಿಕೊಂಡರು. ಅವರ ಕಾರು ರಿಪೇರಿಗೆಂದು ರಾಯ್‌ನಲ್ಲಿತ್ತು. ಚಾಲಕರಿಗೂ ಅಲ್ಲಿ ಏನೋ ಬಿಡಿಭಾಗ ಬೇಕಿತ್ತು. "ಐದನೇ ರಿಂಗ್ ರೋಡಲ್ಲೇ ಹೋಗುವ ಮೇಡಂ, ಹತ್ತಿ ಹತ್ತಿ, ಯಲ್ಲಾ," ಎಂದು ಅವರು ಮುಂದಿನ ಸೀಟು ಒರೆಸಿಕೊಟ್ಟರು. ನಾನು ಹಿಂದಿನ ಸಾಲಿನಲ್ಲಿ, ಹುಡುಗಿ ಪಕ್ಕದಲ್ಲಿ. ಗ್ರೇಸ್ ವಿಷಯ ಅವಳಿಗೆ ಆಗಲೇ ತಿಳಿದಿತ್ತು. ಮುಖ್ಯಸ್ಥೆಯೇ ತರಗತಿಗೆ ಹೋಗಿ ಎಲ್ಲರೆದುರು ಹೇಳಿದ್ದರು.

ರಸ್ತೆ ನೇರವಾಗಿ, ಮುಳ್ಳು ಎಂಬತ್ತಕ್ಕೆ ಬಂದು ನಿಂತಾಗ ಹುಡುಗಿ ಯಾರನ್ನೂ ಕೇಳದೆ ಎದ್ದಳು. ಡಬ್ಬದಿಂದ ನಟ್ಟು ತೆಗೆದಳು. ಮುಖ್ಯಸ್ಥೆಯ ಸೀಟಿನ ಪಕ್ಕದಲ್ಲೇ ಸೀಮೆಸುಣ್ಣದಿಂದ ವೃತ್ತ ಬರೆದಳು.

"ಮೇಡಂ, ಜಸ್ಟ್ ವನ್ ಮಿನಿಟ್, ಪ್ಲೀಸ್."

ನಟ್ಟು ಬಿತ್ತು. ಟಕ್. ವೃತ್ತದೊಳಗೆ. ಎತ್ತಿ ಮತ್ತೆ ಬಿಟ್ಟಳು. ಟಕ್. ಮೂರನೆಯ ಸಲ ಮೇಲಕ್ಕೆ ಎಸೆದು ಅಂಗೈಯಲ್ಲೇ ಹಿಡಿದಳು.

ಮೊದಲ ಸಲ ಮುಖ್ಯಸ್ಥೆ ನೋಡಿದರು. ಎರಡನೆಯ ಸಲ ಕಿಟಕಿಯ ಹೊರಗೆ ನೋಡುತ್ತಿದ್ದರು.

"ಕೂತ್ಕೊ ಮಗಾ, ಬೀಳ್ತಿ," ಎಂದರು.

"ಅವಳು ಬೀಳುದಿಲ್ಲ ಮೇಡಂ," ಎಂದರು ಚಾಲಕರು, ಕನ್ನಡಿಯಲ್ಲಿ ಬಹಳ ಮರ್ಯಾದೆಯ ಮುಖ ಮಾಡಿಕೊಂಡು. "ಬಿದ್ರೂ ಇಲ್ಲೇ ಬೀಳ್ತಾಳೆ. ಹತ್ತು ಮೀಟರ್ ಹಿಂದೆ ಅಂತೂ ಅಲ್ಲ."

ಹುಡುಗಿ ನಿಂತೇ ಇದ್ದಳು. "ಮೇಡಂ, ಐ ಡೋಂಟ್ ವಾಂಟ್ ಗ್ರೇಸ್. ಗ್ರೇಸ್ ಅಂದ್ರೆ ನಂದು ತಪ್ಪು ಅಂತ ಅಲ್ವಾ?"

ಮುಖ್ಯಸ್ಥೆ ನನ್ನ ಕಡೆ ತಿರುಗಿದರು, ಅವಳ ಕಡೆಯಲ್ಲ. ಸಿಟ್ಟಾಗಿರಲಿಲ್ಲ, ನಗುತ್ತಿದ್ದರು. ಅದೇ ನನಗೆ ತಡೆಯಲಾಗಲಿಲ್ಲ. "ಎಂತ ಮಾರಾಯ್ತಿ, ನೀನು ರಿಲೇಟಿವಿಟಿ ಎಲ್ಲಾ ಓದಿದವಳು. ಎಲ್ಲಾ ರಿಲೇಟಿವ್ ಅಲ್ವಾ? ನಿನ್ನ ದೃಷ್ಟಿಯಲ್ಲಿ ಕೈಗೆ ಬೀಳ್ತದೆ, ರಸ್ತೆಯವನ ದೃಷ್ಟಿಯಲ್ಲಿ ಮುಂದೆ, ನನ್ನ ದೃಷ್ಟಿಯಲ್ಲಿ ಹಿಂದೆ. ಅದಕ್ಕೆಲ್ಲ ಇಷ್ಟು ತಲೆಬಿಸಿ ಯಾಕೆ? ಅಡ್ಜಸ್ಟ್ ಮಾಡ್ಕೊ."

ನಾನು ಏರುದನಿಯಲ್ಲಿ ಮಾತಾಡುವವಳಲ್ಲ. ಆ ದಿನವೂ ದನಿ ಏರಲಿಲ್ಲ. ಆದರೆ ಮಾತು ನಿಲ್ಲಲಿಲ್ಲ.

"ಇಲ್ಲ ಮೇಡಂ. ಎಲ್ಲಾ ರಿಲೇಟಿವ್ ಅಂತ ಆ ಸಿದ್ಧಾಂತ ಹೇಳುವುದೇ ಇಲ್ಲ. ರಸ್ತೆಯವನಿಗೆ ಚೆಂಡು ಬಾಗಿದ ದಾರಿಯಲ್ಲಿ ಹೋದ ಹಾಗೆ ಕಾಣ್ತದೆ, ನಮಗೆ ನೇರ ಮೇಲೆ ಹೋಗಿ ಬಂದ ಹಾಗೆ. ದಾರಿ ಬೇರೆ. ಆದರೆ ಅವನೂ ನೋಡುವುದು ಚೆಂಡು ಅದೇ ಕೈಗೆ ಬೀಳುವುದನ್ನೇ. ಕೈಗೆ ಬಿತ್ತೋ ಇಲ್ಲವೋ ಎಂಬುದರಲ್ಲಿ ಇಬ್ಬರಿಗೂ ಜಗಳ ಇಲ್ಲ. ನಿಯಮ ಇಬ್ಬರಿಗೂ ಒಂದೇ. ಬೆಳಕಿನ ವೇಗವೂ ಒಂದೇ. ಆ ಸಿದ್ಧಾಂತ ಇರುವುದೇ ಯಾವುದು ಬದಲಾಗುವುದಿಲ್ಲ ಅಂತ ಹೇಳಲಿಕ್ಕೆ."

"ಸರಿ ಸರಿ," ಎಂದರು ಅವರು, ಚೀಲದಿಂದ ಮೊಬೈಲ್ ತೆಗೆಯುತ್ತಾ. "ಲೆಕ್ಚರ್ ಬೇಡ. ಗ್ರೇಸ್ ಬೇಡ ಅಂದ್ರೆ ಬೇಡ, ಮೂವತ್ತೊಂಬತ್ತೇ ಇರ್ಲಿ. ನಾಳೆ ಎಂಟಕ್ಕೆ ಲಿಸ್ಟ್ ಹೋಗ್ತದೆ."

ರಾಯ್‌ನಲ್ಲಿ ಇಳಿದು, ಎಣ್ಣೆ ಕಲೆಯ ಅಂಗಳದಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ತಮ್ಮ ಕಾರಿನ ಕಡೆ ನಡೆದರು. ನಾನು ನೋಡುತ್ತಾ ಕೂತೆ. ನೋಡುವವರಲ್ಲಿ ಯಾರಿಗೂ ವಿಶೇಷ ಸ್ಥಾನವಿಲ್ಲ ಎಂಬುದು ನಾನು ಓದಿದ ಪಾಠದ ಮೊದಲ ಸಾಲು. ಅದನ್ನೇ ಹಿಡಿದು ಅವರು ತಮಗೊಂದು ವಿಶೇಷ ಸ್ಥಾನ ಮಾಡಿಕೊಂಡಿದ್ದರು. ಪುಸ್ತಕವಿಲ್ಲದ ಶಾಲೆಯಲ್ಲಿ ನೆಲದ ಮೇಲೆ ಕೂತು ನೆನಪಿನಿಂದ ಎರಡು ವರ್ಷದ ಪಾಠ ಬರೆದ ಹೆಂಗಸಿನ ಮೇಲೆ ನನಗೆ ಗೌರವವಿತ್ತು, ಈಗಲೂ ಇದೆ. ಆದರೆ ಆ ನೆಲದ ಮೇಲೆ ಕೂತದ್ದರಿಂದ ಚೆಂಡು ಹಿಂದೆ ಬೀಳುವುದಿಲ್ಲ. ಅವರು ಅಂದು ಪಟ್ಟ ಕಷ್ಟಕ್ಕೆ ಹದಿನಾರು ವರ್ಷದ ಹುಡುಗಿ ಇಂದು ತಾಯಿಯನ್ನು ಬಿಟ್ಟು ಹೋಗಬೇಕಾಗಿರಲಿಲ್ಲ.

ಸಂಜೆ ಗಂಡನಿಗೆ ವಿಷಯ ಹೇಳಿದೆ. ಪತ್ರಿಕೆ ತಿದ್ದುವವಳು ಸಹಾಯಕಿ ಎಂದು ಪ್ರಾಂಶುಪಾಲರಿಗೆ ತಿಳಿದರೆ ಮೊದಲು ಹೋಗುವುದು ನನ್ನ ಕೆಲಸ ಎಂದೂ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಅವರು ನಿನ್ನನ್ನು ಕೆಲಸಕ್ಕೆ ತಕ್ಕೊಂಡದ್ದು ಯಾವುದಕ್ಕೆ, ಗಾಜು ಒರೆಸಲಿಕ್ಕಾ?" ಎಂದರು. ಹೌದು, ಅದಕ್ಕೇ ಎಂದೆ.

ಮರುದಿನ ಬೆಳಿಗ್ಗೆ ಐದೂ ಮುಕ್ಕಾಲಿಗೆ ವ್ಯಾನು ಹತ್ತಿದೆ. ಹುಡುಗಿ ಮೊದಲೇ ಕೂತಿದ್ದಳು. ಅವಳ ಪಕ್ಕ ಕೂತು, "ನಿನ್ನ ಪೇಪರಿನ ಮೇಲಿನ ಆ ಗೀಟು ನಾನು ಹಾಕಿದ್ದು," ಎಂದೆ.

ಅವಳು ತಲೆ ತಿರುಗಿಸಲಿಲ್ಲ. "ಐ ನೋ, ಮಿಸ್. ಲ್ಯಾಬ್ ರೆಕಾರ್ಡಿನಲ್ಲೂ ನಿಮ್ಮದು ಸೇಮ್ ಗೀಟು. ಒಂದು ಗಿಡ್ಡ."

ಅಷ್ಟು ದಿನ ಅವಳಿಗೆ ಗೊತ್ತಿತ್ತು. ನಾನಾಗಿ ಹೇಳುತ್ತೇನೋ ಇಲ್ಲವೋ ಎಂದು ಕಾದಿದ್ದಳು. ಶಾಲೆಯ ಗೇಟಿನಲ್ಲಿ ಇಳಿಯುವಾಗ ಅವಳು, ಹಿಂದಿನ ದಿನ ನಾನು ಮರಳಿಸಿದ್ದ ತನ್ನ ಪತ್ರಿಕೆಯನ್ನು ಮತ್ತೆ ನನ್ನ ಕೈಗೆ ಕೊಟ್ಟಳು.

ಮಕ್ಕಳು ನೋಡಿ ಹಿಂದಿರುಗಿಸಿದ್ದ ಉಳಿದ ಕಟ್ಟುಗಳು ಪ್ರಯೋಗಾಲಯದ ಬೀರುವಿನಲ್ಲಿದ್ದವು. ಅದರ ಬೀಗದ ಕೈ ನನ್ನ ಬಳಿಯೇ ಇರುತ್ತಿತ್ತು. ಉಳಿದ ಹತ್ತನ್ನೂ ಹುಡುಕಿ ತೆಗೆದೆ. ಹನ್ನೊಂದರಲ್ಲೂ ಹದಿನೇಳನೆಯ ಉತ್ತರದ ಮೇಲಿನ ಗೀಟನ್ನು ಹೊಡೆದುಹಾಕಿ, ಸರಿ ಗುರುತು ಹಾಕಿ, ಎರಡು ಅಂಕ ಬರೆದು, ಪಕ್ಕದಲ್ಲಿ ನನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ. ಆ ಶಾಲೆಯ ಯಾವ ಕಾಗದದ ಮೇಲೂ ಅಲ್ಲಿಯವರೆಗೆ ನನ್ನ ಸಹಿ ಇರಲಿಲ್ಲ. ಒಂದು ಹಾಳೆಯಲ್ಲಿ ಕಾರಣವನ್ನು ಐದು ಸಾಲಿನಲ್ಲಿ ಬರೆದೆ. ಆರನೆಯ ಸಾಲು: ಈ ಪತ್ರಿಕೆಗಳನ್ನು ಮೊದಲು ತಪ್ಪಾಗಿ ತಿದ್ದಿದವಳೂ ನಾನೇ.

ಏಳೂ ಕಾಲಿಗೆ ಪ್ರಾಂಶುಪಾಲರ ಮೇಜಿನ ಮೇಲೆ ಅವನ್ನಿಟ್ಟೆ. ಅವರು ಹಿಂದೊಮ್ಮೆ ಗಣಿತ ಕಲಿಸಿದವರು. ಹಾಳೆ ಓದಿದರು. ಹುಡುಗಿಯ ಎರಡು ಸಾಲು ಓದಿದರು. ಮತ್ತೊಮ್ಮೆ ಹಾಳೆ ಓದಿದರು.

"ಇದನ್ನೆಲ್ಲ ನೀವು ತಿದ್ದುವುದಾ? ಎಷ್ಟು ಸಮಯದಿಂದ?"

"ಬಂದ ದಿನದಿಂದ, ಸರ್."

"ಇದರ ಬಗ್ಗೆ ನಿಮ್ಮ ಹತ್ತಿರ ಆಮೇಲೆ ಮಾತಾಡ್ಲಿಕ್ಕುಂಟು," ಎಂದರು. ದನಿ ಒಳ್ಳೆಯದಾಗಿರಲಿಲ್ಲ. ಹಾಳೆಯ ಕೆಳಗೆ 'ಬದಲಾಯಿಸಿ' ಎಂದು ಬರೆದು, ದಿನಾಂಕ ಹಾಕಿ ನನ್ನ ಕಡೆ ತಳ್ಳಿದರು. "ಮೊದಲು ಆಫೀಸಿಗೆ ಹೋಗಿ. ಎಂಟಕ್ಕೆ ಫ್ಯಾಕ್ಸ್ ಹೋಗ್ತದೆ."

ಓಡಲಿಲ್ಲ, ಆದರೆ ನಡೆದದ್ದೂ ಅಲ್ಲ. ಆಫೀಸಿನಲ್ಲಿ ವಾಣಿಜ್ಯದ ಪಟ್ಟಿ ಆಗಲೇ ಅಚ್ಚಾಗಿ ಮೇಜಿನ ಮೇಲಿತ್ತು, ಅವಳ ಹೆಸರು ಅದರಲ್ಲಿ ನಾಲ್ಕನೆಯದು. ಕಂಪ್ಯೂಟರಿನ ಮುಂದಿದ್ದ ಹೆಂಗಸು ಪ್ರಾಂಶುಪಾಲರ ಬರಹ ನೋಡಿ, ಗೊಣಗುತ್ತಾ, ಆ ಸಾಲನ್ನು ಅಳಿಸಿದಳು. ವಿಜ್ಞಾನದ ಪಟ್ಟಿ ತೆರೆದು, ಅಂಕದ ಜಾಗದಲ್ಲಿ ನಲವತ್ತೊಂದು ಹಾಕಿದಳು. ನಕ್ಷತ್ರ ಇಲ್ಲವಲ್ಲ ಎಂದು ನಾನು ಬಗ್ಗಿ ನೋಡಿದೆ. ಇರಲಿಲ್ಲ.

"ಹೆಸರಿನ ಸ್ಪೆಲ್ಲಿಂಗ್ ಹೇಳಿ," ಎಂದಳು ಆಕೆ. ಪರದೆಯ ಮುಂದೆ ನಿಂತು ನಾನು ಹುಡುಗಿಯ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.